ಶ್ರುತಿ ಸೇರದವರ ಪಾಲು

ಹೆಂಗಸರು ಸೇರಿ ಒಂದು ಹಾಡಿನ ಕೂಟ ಕಟ್ಟಬೇಕಾದರೆ ಏನೇನು ಬೇಕು? ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಕುಳಿತುಕೊಳ್ಳಲು ಒಂದು ಜಗಲಿ, ವಾರಕ್ಕೊಂದು ಬಿಡುವಿನ ಸಂಜೆ. ಇಷ್ಟನ್ನು ಹೇಗಾದರೂ ಹೊಂದಿಸಬಹುದು. ಪುತ್ತೂರು, ಸುಳ್ಯ, ಕಡಬದ ಕಡೆ ಭಜನಾ ಮಂಡಳಿಗಳಿಗೆ ಕೊರತೆಯಿಲ್ಲ. ಆದ್ದರಿಂದ ಮಾದರಿಗೂ ಕೊರತೆಯಿಲ್ಲ. ತೊಡಕು ಬರುವುದು ಎರಡನೆಯ ವಾರ. ಶ್ರುತಿ ಸೇರದ ಒಬ್ಬರು ಬಂದು, ಎಲ್ಲರಿಗಿಂತ ಮುಂದೆ ಕುಳಿತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾರೆ. ಅವರನ್ನು ಏನು ಮಾಡಬೇಕು?

ನಗೆಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕೂಟವಿರುವುದು ಹಾಡಿಗಾಗಿಯೋ ಹಾಡುವವರಿಗಾಗಿಯೋ ಎಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ.

ನಮ್ಮಲ್ಲಿ ಹೆಂಗಸರು ಕೂಡಿ ಹಾಡುವುದು ಹೊಸತಲ್ಲ. ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಬಳು ಕಬಿತ ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಸುಳ್ಯದ ಕಡೆ ಅರೆಭಾಷೆಯ ಮನೆಗಳಲ್ಲಿ ಮದುವೆಗೆ ಶೋಭಾನೆ ಹೇಳುತ್ತಾರೆ. ಅಲ್ಲಿ ಯಾರೂ ಯಾರ ಕಂಠವನ್ನೂ ಪರೀಕ್ಷಿಸುವುದಿಲ್ಲ. ಗದ್ದೆಯಲ್ಲಿ ಹಾಡುವ ಹಕ್ಕನ್ನು ಕೆಲಸ ಕೊಟ್ಟಿತು. ಮದುವೆಯಲ್ಲಿ ನಂಟು ಕೊಡುತ್ತದೆ. ಗದ್ದೆಗಳು ಅಡಿಕೆ ತೋಟವೋ ರಬ್ಬರೋ ಆಗುತ್ತ ಹೋದಂತೆ ಕಬಿತಕ್ಕೆ ಎಡೆ ಕಡಮೆಯಾಯಿತು. ಹೊಸ ಕೂಟಕ್ಕೆ ಕೆಲಸವೂ ಇಲ್ಲ, ನಂಟೂ ಇಲ್ಲ. ಆದ್ದರಿಂದ ಅದು ವೇದಿಕೆಯಿಂದ ಮೂರನೆಯ ಹಕ್ಕೊಂದನ್ನು ಎರವಲು ತರುತ್ತದೆ: ಯೋಗ್ಯತೆ.

ಯೋಗ್ಯತೆಯನ್ನು ಹಗುರವಾಗಿ ಕಾಣಬಾರದು. 2024ರಲ್ಲಿ ತೀರಿಕೊಂಡ ಲೀಲಾವತಿ ಬೈಪಡಿತ್ತಾಯರು ಯಕ್ಷಗಾನ ಮೇಳದಲ್ಲಿ ಗಂಡಸರ ನಡುವೆ ಭಾಗವತರಾಗಿ ಕುಳಿತು ಆಟ ಆಡಿಸಿದ್ದು ಯಾರ ದಾಕ್ಷಿಣ್ಯದಿಂದಲೂ ಅಲ್ಲ, ವಿದ್ಯೆಯಿಂದ. ವಿದ್ಯೆ ಬಾಗಿಲು ತೆರೆಯಿಸುತ್ತದೆ, ನಿಜ. ಆದರೆ ಅಷ್ಟು ವಿದ್ಯೆ ಇಲ್ಲದವರು ಎಲ್ಲಿಗೆ ಹೋಗಬೇಕು?

ವಿದ್ಯೆಯೊಂದೇ ಸಾಲದ ಕಾಲವೂ ಇತ್ತು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಮ್ಮ ಗಳಿಕೆಯನ್ನು ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು, 1925ರಲ್ಲಿ ಪ್ರತಿಷ್ಠೆಯಾಯಿತು. ಆದರೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಜಗಳಾಡುತ್ತ ಕೂರದೆ ಹೆಂಗಸರದೇ ಒಂದು ಪಂಗಡ ಕಟ್ಟಿ ಹಾಡಿಸಿದರು. ಪಂಗಡಗಳೆಲ್ಲ ಒಂದಾದದ್ದು ಸುಮಾರು 1940ರಲ್ಲಿ. ಹೆಂಗಸರ ಹಾಡಿನ ಕೂಟಗಳ ಹಿಂದೆ ಹೀಗೆ ಮುಚ್ಚಿದ ಬಾಗಿಲಿನ ನೆನಪಿದೆ. ಅಂಥ ಕೂಟವೇ ಒಂದು ಬಾಗಿಲು ಮುಚ್ಚುವ ಮುಂಚೆ ನಾಲ್ಕು ಸಲ ಯೋಚಿಸಬೇಕು.

ಇನ್ನೊಂದು ಸಂಗತಿ ಉಂಟು. ಗಂಡಸರು ಹಾಡುವಾಗ ಹಾರ್ಮೋನಿಯಮ್ಮಿನ ಶ್ರುತಿ ಬಿಳಿ ಒಂದರ ಆಸುಪಾಸು ನಿಲ್ಲುವುದುಂಟು. ಹೆಂಗಸರ ಕಂಠಕ್ಕೆ ಒಗ್ಗುವುದು ಹೆಚ್ಚಾಗಿ ಬಿಳಿ ಐದು, ಅಥವಾ ಅದರ ನೆರೆಯ ಕಪ್ಪು. ಗಂಡಸರ ಶ್ರುತಿಗೆ ದನಿಗೂಡಿಸಹೋಗಿ, ಕೆಳಗೆ ಇಳಿಯಲಾರದೆ ಮೇಲೆ ಏರಲಾರದೆ, “ನಿನಗೆ ಸ್ವರವಿಲ್ಲ” ಎನ್ನಿಸಿಕೊಂಡವರು ಎಷ್ಟು ಮಂದಿಯೋ! ಅವರಿಗೆ ಇಲ್ಲದಿದ್ದುದು ಸ್ವರವಲ್ಲ, ತಮ್ಮದೊಂದು ಶ್ರುತಿ. ಆದ್ದರಿಂದ ಆರು ತಿಂಗಳಾದರೂ ಕಲಿಸದೆ ಯಾರನ್ನೂ ಸ್ವರಹೀನರೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಕಲಿಸಿದ ಮೇಲೂ ಶ್ರುತಿ ಸೇರದವರು ಉಳಿದೇ ಉಳಿಯುತ್ತಾರೆ. ಅವರಿಗೆ ಎದುರಿನಲ್ಲಿ “ಚೆನ್ನಾಯಿತು ಅಕ್ಕ” ಎಂದು, ಅಂಗಳ ದಾಟಿದ ಮೇಲೆ ನಗುವುದು ಹೊರಗೆ ಕಳಿಸುವುದಕ್ಕಿಂತ ಕೀಳು. ಸತ್ಯವನ್ನು ಹೇಳಬೇಕು, ಜಾಗವನ್ನೂ ಕೊಡಬೇಕು. ನಮ್ಮ ಭಜನೆಯ ಕ್ರಮವೇ ಇದಕ್ಕೆ ದಾರಿ ಮಾಡಿಟ್ಟಿದೆ: ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹೇಳುತ್ತಾರೆ. ಹೇಳಿಕೊಡುವ ಜಾಗ ವಿದ್ಯೆಗೆ ಮೀಸಲಾಗಲಿ. ಅದು ವಯಸ್ಸಿಗೂ ಹಣಕ್ಕೂ ಸಲ್ಲಬಾರದು. ಹೇಳುವ ಜಾಗ ಎಲ್ಲರದಾಗಲಿ. “ಅಕ್ಕ, ಸ್ವಲ್ಪ ಮೆಲ್ಲನೆ, ಪಕ್ಕದವರನ್ನು ಕೇಳಿಕೊಂಡು ಹಾಡಿ” ಎಂದು ಮುಖ ನೋಡಿ ಹೇಳುವ ಧೈರ್ಯ ಮಾತ್ರ ಹೇಳಿಕೊಡುವವರಿಗೆ ಇರಬೇಕು.

ಹಾಗಾದರೆ ನವರಾತ್ರಿಯ ವೇದಿಕೆಯಲ್ಲಿ? ವರ್ಷವೆಲ್ಲ ಅಭ್ಯಾಸಕ್ಕೆ ಬಂದವರನ್ನು ಆ ಒಂದು ರಾತ್ರಿ ಕೆಳಗೆ ಕೂರಿಸಬಹುದೆ? ಸ್ಪರ್ಧೆಗೆ ಹೊರಟ ಕೂಟವಾದರೆ ಕೂರಿಸಬಹುದು. ಆದರೆ ಆ ಮಾತನ್ನು ಮೊದಲ ದಿನವೇ ಹೇಳಿರಬೇಕು. ಊರವರ ಕೂಟವೆಂದು ಕರೆದು ಸೇರಿಸಿಕೊಂಡಿದ್ದರೆ ಕೂರಿಸಬಾರದು. ಹಾಡು ಅಷ್ಟಿಷ್ಟು ಕೆಡುತ್ತದೆ. ಕೆಡುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಕೆಟ್ಟ ಹಾಡನ್ನು ಮುಂದಿನ ವಾರ ತಿದ್ದಿ ಹಾಡಬಹುದು. “ನೀನು ಹಾಡಬೇಡ” ಎನ್ನಿಸಿಕೊಂಡವಳು ಮುಂದಿನ ವಾರ ಬರುವುದಿಲ್ಲ. ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲ ಬಳಿಯೂ ಬಾಯಿ ತೆರೆಯಲು ಅಳುಕುತ್ತಾಳೆ. ಆ ನಷ್ಟವನ್ನು ಯಾವ ಅಭ್ಯಾಸದಿಂದಲೂ ತುಂಬಲಾಗುವುದಿಲ್ಲ.