ಉಳಿದ 43 ರೂಪಾಯಿ

2016ರ ಸುಮಾರಿಗೆ ರೈಲು ಟಿಕೆಟಿನ ಮೇಲೆ ಒಂದು ಹೊಸ ಸಾಲು ಅಚ್ಚಾಗಿ ಬರತೊಡಗಿತು. ಪ್ರಯಾಣಕ್ಕೆ ತಗಲುವ ವೆಚ್ಚದಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ರೈಲ್ವೆ ನಮ್ಮಿಂದ ವಸೂಲು ಮಾಡುತ್ತದೆ ಎಂಬ ಅರ್ಥದ ಸಾಲು. ಹೆಚ್ಚಿನವರು ಬರ್ತ್ ನಂಬರ್ ನೋಡಿ ಟಿಕೆಟನ್ನು ಜೇಬಿಗಿಳಿಸುತ್ತಾರೆ. ನಾನು ಜೀವಮಾನವಿಡೀ ಬ್ಯಾಂಕಿನ ಲೆಡ್ಜರ್ ನೋಡಿದವನು. ಒಂದು ಕಡೆ ಡೆಬಿಟ್ ಕಂಡರೆ ಅದರ ಕ್ರೆಡಿಟ್ ಎಲ್ಲಿ ಬಿದ್ದಿದೆ ಅಂತ ಹುಡುಕದೆ ನಿದ್ದೆ ಬಾರದು. ನೂರರಲ್ಲಿ 57 ನನ್ನದು, ಸರಿ. ಉಳಿದ 43 ಯಾರದು?

ಉತ್ತರ ಗುಟ್ಟಿನದೇನಲ್ಲ. ಸರಕು ಸಾಗಣೆಯಲ್ಲಿ ಉಳಿಯುವ ಹಣದಿಂದ ಪ್ರಯಾಣಿಕರ ನಷ್ಟ ತುಂಬುತ್ತಾರೆ. ಸರಕಿನ ಆದಾಯದಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು. ಕಲ್ಲಿದ್ದಲಿನ ಸಾಗಾಟದ ದರ ಕೊನೆಗೆ ಬಂದು ಸೇರುವುದು ಕರೆಂಟಿನ ಬೆಲೆಗೆ. ಅಂದರೆ ನಾನು ಊರಿಗೆ ಮಲಗಿಕೊಂಡು ಹೋಗುವ ಬರ್ತಿನ ಒಂದು ಪಾಲನ್ನು, ಆ ರೈಲನ್ನು ಎಂದೂ ಹತ್ತದ ಯಾರೋ ಒಬ್ಬ ತನ್ನ ಲೈಟ್ ಬಿಲ್ಲಿನಲ್ಲಿ ಕಟ್ಟುತ್ತಿದ್ದಾನೆ. ರೈಲು ಪರಿಸರಕ್ಕೂ ಒಳ್ಳೆಯದು, ಜೇಬಿಗೂ ಒಳ್ಳೆಯದು ಎಂದು ನಾವು ಮುಂಬಯಿಯ ಕನ್ನಡಿಗರು ಹೇಳುತ್ತೇವಲ್ಲ, ಆ ಎರಡನೆಯ ಮಾತಿನೊಳಗೆ ಇಷ್ಟು ಇದೆ.

ಡೊಂಬಿವಲಿಯಲ್ಲಿ ಇರುವವನಿಗೆ ಇನ್ನೊಂದು ಬಗೆಯ ವಸೂಲಿಯೂ ಗೊತ್ತು. ಈ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು ಇಲ್ಲಿ, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ, 1925ರ ಫೆಬ್ರವರಿ 3ರಂದು. ಅದಕ್ಕೆ ನೂರು ತುಂಬಿದ ವರ್ಷವೇ, 2025ರ ಜೂನ್ 9ರ ಬೆಳಿಗ್ಗೆ, ಮುಂಬ್ರಾದ ಹತ್ತಿರ ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದು ಸತ್ತರು. ನಾನೂ ವರ್ಷಗಟ್ಟಲೆ ಓಡಾಡಿದ ದಾರಿ ಅದು. ತಿಂಗಳ ಪಾಸಿನಷ್ಟು ಅಗ್ಗದ್ದು ಈ ಶಹರದಲ್ಲಿ ಬೇರೊಂದಿಲ್ಲ. ಆದರೆ ಅದರ ಬಾಕಿಯನ್ನು ಕೆಲವರು ಮೈಯಿಂದ ತೀರಿಸುತ್ತಾರೆ. ಲೋಕಲ್‌ನಲ್ಲಿ ಹೋಗುವ ಬಡಪಾಯಿಗೆ ನೀನು ಭೂಮಿಗೆ ಉಪಕಾರ ಮಾಡುತ್ತಿದ್ದೀ ಎಂದು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಬೇರೆ ದಾರಿಯೇ ಇಲ್ಲದೆ ಮಾಡಿದ್ದು ಪುಣ್ಯದ ಖಾತೆಗೆ ಜಮಾ ಆಗುತ್ತದೆಯೇ? ನಮ್ಮ ತಲೆಮಾರು ರೈಲಿನಲ್ಲಿ ಹೋದದ್ದು ಸಂಬಳ ಅಷ್ಟೇ ಇತ್ತು ಅಂತ. ಅದಕ್ಕೂ ಮೊದಲು ರೈಲೂ ಇರಲಿಲ್ಲ. ಕೊಂಕಣ ರೈಲ್ವೆಯ 741 ಕಿಲೋಮೀಟರ್ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಅಲ್ಲಿಯವರೆಗೆ ನಮ್ಮ ಕುಂದಾಪುರ ಕಡೆಯವರಿಗೆ ಬಸ್ಸೇ ಗತಿ. ಬ್ಯಾಂಕಿನಲ್ಲಿ ಎಲ್‌ಎಫ್‌ಸಿ ಅಂತ ಒಂದು ಸೌಲಭ್ಯವಿದೆ, ರಜೆಯ ಪ್ರಯಾಣದ ಖರ್ಚು ಬ್ಯಾಂಕಿನದು. ಆ ದುಡ್ಡಿನಲ್ಲಿ ಹೊರಡುವಾಗ ರೈಲಿನ ಗುಣ ಹಾಡಿದ ಸಹೋದ್ಯೋಗಿಯನ್ನು ನಾನು ಕಂಡಿಲ್ಲ. ಆಯ್ಕೆ ಎಂಬುದು ಕೈಯಲ್ಲಿ ನಾಲ್ಕು ಕಾಸು ಬಂದ ಮೇಲೆ ಶುರುವಾಗುವ ಮಾತು. ಪ್ರಶ್ನೆಯೂ ಆಮೇಲಿನದೇ.

ಈಗ ಶುರುವಾಗಿದೆ. ಸಂಘದ ಗೆಳೆಯರೊಬ್ಬರು ಕೇಳುತ್ತಾರೆ, "ಮಾರಾಯ್ರೇ, ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿ ಮರುದಿನ ಬೆಳಿಗ್ಗೆ ಇಳಿಯುವ ಕರ್ಮ ಯಾಕೆ? ಮೊದಲೇ ಬುಕ್ ಮಾಡಿದರೆ ವಿಮಾನಕ್ಕೂ ಎಸಿ ಬರ್ತಿಗೂ ಏನು ಮಹಾ ವ್ಯತ್ಯಾಸ?" ಅವರ ಲೆಕ್ಕ ಕೆಲವು ದಿನಗಳಲ್ಲಿ ಸರಿಯಾಗಿಯೇ ಇರುತ್ತದೆ. ವಿಮಾನದವನು ಪೂರ್ತಿ ಹಣ ವಸೂಲು ಮಾಡುತ್ತಾನೆ, ಇಂಧನಕ್ಕೆ ತೆರಿಗೆಯೂ ಬೀಳುತ್ತದೆ. ಅವನ ಪುಸ್ತಕ ತಾಳೆಯಾಗುತ್ತದೆ. ತಾಳೆಯಾಗದ್ದು ಪುಸ್ತಕದ ಹೊರಗಿದೆ. ಒಬ್ಬ ಪ್ರಯಾಣಿಕನ ಪಾಲಿಗೆ ವಿಮಾನ ಉಗುಳುವ ಹೊಗೆ ರೈಲಿನದರ ಹಲವು ಪಟ್ಟು. ಕೊಂಕಣ ಮಾರ್ಗವಂತೂ 2022ರ ಮಾರ್ಚ್‌ಗೆ ಪೂರ್ತಿ ವಿದ್ಯುದೀಕರಣವಾಯಿತು. ಆ ವಿದ್ಯುತ್ತಿನ ಹೆಚ್ಚಿನಂಶ ಕಲ್ಲಿದ್ದಲಿನದೇ, ಒಪ್ಪುತ್ತೇನೆ. ಆದರೂ ಅಂತರ ದೊಡ್ಡದು.

ಆ ಹೊಗೆಯ ಬಾಬ್ತು ಕಟ್ಟುವವರು ಯಾರು? ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕಳಕೊಂಡವರಿದ್ದಾರೆ. ಅದಕ್ಕೆ ಕಾರಣ ಹತ್ತಾರು, ಸಮುದ್ರಕ್ಕೆ ನಾವೇ ಕಟ್ಟಿದ ಗೋಡೆಗಳೂ ಸೇರಿ. ವಿಮಾನವನ್ನೊಂದೇ ದೂರುವುದು ನ್ಯಾಯವಲ್ಲ. ಆದರೆ ಭೂಮಿ ಬಿಸಿಯಾಗಿ ಸಮುದ್ರ ಮೇಲೇರುವಾಗ ಮೊದಲು ಒದ್ದೆಯಾಗುವ ಅಂಗಳ ಅಂಥವರದು, ಮತ್ತು ಅವರು ವಿಮಾನ ಹತ್ತಿದವರಲ್ಲ. ರೈಲಿನ 43 ರೂಪಾಯಿ ಸಾವಿರಾರು ಜನರ ಬಿಲ್ಲಿನಲ್ಲಿ ಹಂಚಿಹೋಗುತ್ತದೆ. ಅದನ್ನು ಟಿಕೆಟಿನ ಮೇಲೆ ಅಚ್ಚು ಹಾಕಿ ಹೇಳಿದ್ದೂ ಆಯಿತು. ಬೇಡವೆಂದರೆ ಬರುವ ಬಜೆಟ್ಟಿನಲ್ಲಿ ದರ ಏರಿಸಬಹುದು. ವಿಮಾನದ ಟಿಕೆಟಿನಲ್ಲಿ ಅಂಥ ಸಾಲಿಲ್ಲ, ಕರಗಿದ ಅಂಗಳವನ್ನು ಯಾವ ಬಜೆಟ್ಟೂ ವಾಪಸು ಕೊಡುವುದಿಲ್ಲ. ಎರಡೂ ಸಾಲವೇ ಆದರೂ ಒಂದೇ ಜಾತಿಯ ಸಾಲವಲ್ಲ.

ಹಾಗಂತ ನಾನು ವಿಮಾನ ಹತ್ತಿಲ್ಲವೇ? ಅಮ್ಮನಿಗೆ ಜೋರಾಗಿದೆ ಎಂದು ರಾತ್ರಿ ಫೋನು ಬಂದಾಗ ಬೆಳಗಿನ ವಿಮಾನದಲ್ಲೇ ಹೋದೆ. ಮಾತಾಡಲು ಅರ್ಧ ದಿನ ಸಿಕ್ಕಿತು. ರೈಲಾಗಿದ್ದರೆ ಸಿಗುತ್ತಿರಲಿಲ್ಲ. ಆ ಪ್ರಯಾಣವನ್ನು ಯಾವ ಲೆಕ್ಕಕ್ಕೂ ಹಿಡಿಯಲು ನಾನು ತಯಾರಿಲ್ಲ. ಪರಿಸರದವರು ಬಂದು ಕೇಳಿದರೂ ಇದೇ ಉತ್ತರ. ಊರು ಬಿಟ್ಟವನಿಗೆ ಊರಿನ ಮೇಲೊಂದು ಹಕ್ಕಿರುತ್ತದೆ, ಅಲ್ಲಿಯವರಿಗೆ ಅವನ ಮೇಲೂ ಇರುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಬೆಳಿಗ್ಗೆ ಬಜ್ಪೆಯಲ್ಲಿ ಇಳಿದು, ಮದುವೆಯಲ್ಲಿ ಮುಖ ತೋರಿಸಿ, ಊಟದ ಎಲೆ ಎತ್ತುವ ಮೊದಲೇ ವಾಚು ನೋಡುತ್ತಾ ಸಂಜೆಯ ವಿಮಾನಕ್ಕೆ ಓಡುವುದಿದೆಯಲ್ಲ, ಅದು. ಅಗ್ಗವಾದ ಕೂಡಲೇ ಹೋಗುವ ಸಲ ಹೆಚ್ಚಾಯಿತು, ಇರುವ ದಿನ ಕಡಿಮೆಯಾಯಿತು. ಬಸ್ಸಿನ ಕಾಲದಲ್ಲಿ ವರ್ಷಕ್ಕೊಮ್ಮೆ ಹೋಗಿ ತಿಂಗಳು ಇರುತ್ತಿದ್ದೆವು. ಎರಡನೇ ವಾರಕ್ಕೆ ನಮ್ಮ ಮಾತು ಊರಿನ ಮಾತಾಗುತ್ತಿತ್ತು, ಮಕ್ಕಳಿಗೆ ಯಾರ ಮನೆಯ ನಾಯಿ ಕಚ್ಚುತ್ತದೆ ಎಂಬುದು ತಿಳಿಯುತ್ತಿತ್ತು. ಯಾವ ವಾಹನ ಎಂದು ಕೇಳುವ ಮೊದಲು ಎಷ್ಟು ಸಲ, ಎಷ್ಟು ದಿನ ಎಂದು ಕೇಳಬೇಕೆಂಬುದು ನನ್ನ ವಾದ.

ದುಡಿಯುವವರಿಗೆ ಅಷ್ಟು ರಜೆ ಎಲ್ಲಿ ಎಂದು ಮಗ ಕೇಳುತ್ತಾನೆ. ಅದು ನಿಜವೇ. ತಿಂಗಳ ರಜೆ ಈಗ ಪೆನ್ಶನ್‌ದಾರರ ಶ್ರೀಮಂತಿಕೆ. ಹಾಗಾಗಿ ಅವನಿಗೆ ಉಪದೇಶ ಮಾಡುವುದಿಲ್ಲ, ನಾವಿಬ್ಬರು ಮಾತ್ರ ವರ್ಷಕ್ಕೊಂದೇ ಸಲ ರೈಲಿನಲ್ಲಿ ಹೋಗಿ, ಮಳೆ ಹಿಡಿಯುವ ತನಕ ಇದ್ದು ಬರುತ್ತೇವೆ. ಆದರೆ ತಿಂಗಳು ಕೂತು ಉಣ್ಣುವ ನೆಂಟರು ತಮ್ಮನ ಹೆಂಡತಿಗೆ ಏನು ಹಗುರವೇ? ಅವಳು ಬಾಯಿಬಿಟ್ಟು ಹೇಳುವವಳಲ್ಲ. ಈಗ ಬೆಳಿಗ್ಗೆ ಕಾಯಿ ಹೆರೆಯುವುದು ನನ್ನ ಪಾಲು, ರಾತ್ರಿ ಪಾತ್ರೆ ನನ್ನ ಹೆಂಡತಿಯದು.