ಹಿಟ್ಟಿನ ಕೋಳಿ ಮತ್ತು ಮರದ ಸೈನಿಕ

ಯುದ್ಧವನ್ನು ಆಟವಾಗಿ ಆಡುವವನಿಗೆ ಹಿಂಸೆಯ ಪಾಲು ತಟ್ಟುತ್ತದೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅತಿ ಶಂಕೆಯಂತೆ ಕಂಡರೂ ಭಾರತೀಯ ಧರ್ಮಚಿಂತನೆ ಅದನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ದೀಘನಿಕಾಯದ ಮೊದಲನೆಯದಾದ ಬ್ರಹ್ಮಜಾಲಸುತ್ತದಲ್ಲಿ ಬುದ್ಧನು ದೂರವಿರಿಸಿದ ವಿನೋದಗಳ ಉದ್ದನೆಯ ಪಟ್ಟಿಯೊಂದಿದ್ದು, ಸೇನೆಯ ಕವಾಯತನ್ನೂ ಅಣಕು ಕಾಳಗವನ್ನೂ ನೋಡುವುದು ಅದರ ಒಂದು ಭಾಗದಲ್ಲಿ, ಸಾಲಿಗೆ ಎಂಟು ಅಥವಾ ಹತ್ತು ಮನೆಗಳುಳ್ಳ ಹಾಸಿನ ಮೇಲೆ ಕಾಯಿ ನಡೆಸುವ ಆಟಗಳು ಇನ್ನೊಂದು ಭಾಗದಲ್ಲಿ ಬರುತ್ತವೆ. ಅಲ್ಲಿ ಹೇಳಿರುವ ದೋಷವು ಪ್ರಮಾದ, ಎಂದರೆ ಎಚ್ಚರ ತಪ್ಪಿದ ಮನಸ್ಸಿನ ಸ್ಥಿತಿ. ಹಿಂಸೆಯ ಮಾತು ಅಲ್ಲಿಲ್ಲ. ಅಣಕಿನ ಕೊಲೆಯೂ ಕೊಲೆಯೇ ಎಂಬ ಕಠಿಣ ಪ್ರಶ್ನೆಯನ್ನು ಕನ್ನಡದಲ್ಲಿ ನೇರವಾಗಿ ಎತ್ತಿದ ಕೃತಿ 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ತಾನು ಹೇಳಿದ ದುಃಸ್ವಪ್ನದ ಶಾಂತಿಗೆಂದು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟು, ಅಷ್ಟರಿಂದಲೇ ತಾಯಿಯೊಡನೆ ಹಲವು ಜನ್ಮಗಳಲ್ಲಿ ಪ್ರಾಣಿಯೋನಿಯ ಸಂಕಟವನ್ನು ಅನುಭವಿಸಬೇಕಾಗುತ್ತದೆ. ಇದನ್ನು ಜೈನರು ಸಂಕಲ್ಪಹಿಂಸೆ ಎನ್ನುತ್ತಾರೆ. ಕೈ ಏನನ್ನು ಕತ್ತರಿಸಿತು ಎಂಬುದಕ್ಕಿಂತ ಮನಸ್ಸು ಏನನ್ನು ಕೊಲ್ಲಲು ನಿಶ್ಚಯಿಸಿತು ಎಂಬುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಈ ಅಳತೆಗೋಲನ್ನು ನೆಪೋಲಿಯನ್ ಕಾಲದ ಕದನಗಳನ್ನು ಮೇಜಿನ ಮೇಲೆ ಮರುರೂಪಿಸುವ ತಂತ್ರದ ಆಟಗಳಿಗೆ ಹಿಡಿದು ನೋಡಬಹುದು. ರಿಚರ್ಡ್ ಬೋರ್ಗ್ ರೂಪಿಸಿ 2010ರಲ್ಲಿ ಪ್ರಕಟವಾದ ‘ಕಮಾಂಡ್ಸ್ ಅಂಡ್ ಕಲರ್ಸ್: ನೆಪೋಲಿಯಾನಿಕ್ಸ್’ ಇಂಥದೊಂದು ಆಟ. ಆರು ಮೂಲೆಯ ಮನೆಗಳ ಹಾಸನ್ನು ಎಡ, ನಡು, ಬಲ ಎಂದು ಮೂರು ವಿಭಾಗ ಮಾಡಲಾಗಿದ್ದು, ಚಿತ್ರದ ಚೀಟಿ ಅಂಟಿಸಿದ ಪುಟ್ಟ ಮರದ ತುಂಡುಗಳ ಗುಂಪೊಂದು ಒಂದು ಪಡೆಯನ್ನು ಸೂಚಿಸುತ್ತದೆ. ಯಾವ ವಿಭಾಗದ ಎಷ್ಟು ಪಡೆಗಳಿಗೆ ಆಜ್ಞೆ ಕೊಡಬಹುದೆಂಬುದನ್ನು ಆಟಗಾರನ ಕೈಯಲ್ಲಿರುವ ಎಲೆ ತೀರ್ಮಾನಿಸಿದರೆ, ಹೊಡೆತದ ಫಲವನ್ನು ದಾಳ ತೀರ್ಮಾನಿಸುತ್ತದೆ. ಇದರಲ್ಲಿ ಗಮನಿಸತಕ್ಕ ನಿಯಮವೊಂದಿದೆ. ಶತ್ರುವಿನ ಕುದುರೆಪಡೆ ಮೇಲೆ ಬಿದ್ದಾಗ ಕಾಲಾಳುಗಳು ನಾಲ್ಕೂ ದಿಕ್ಕಿಗೆ ಬಂದೂಕಿನ ಈಟಿ ಚಾಚಿ ಚೌಕವ್ಯೂಹ ಕಟ್ಟಬಹುದು. ಆದರೆ ಹಾಗೆ ಕಟ್ಟಿದ ಕೂಡಲೇ ಆ ಆಟಗಾರನ ಕೈಯಿಂದ ಒಂದು ಎಲೆಯನ್ನು ನೋಡದೆ ಎಳೆದು ಪಕ್ಕಕ್ಕಿಡಲಾಗುತ್ತದೆ, ವ್ಯೂಹ ಬಿಚ್ಚುವವರೆಗೆ ಅದು ಅವನಿಗೆ ಸಿಗುವುದಿಲ್ಲ. 1815ರ ಜೂನ್ 18ರ ಮಧ್ಯಾಹ್ನ ವಾಟರ್ಲೂ ದಿಬ್ಬದ ಮೇಲೆ ನೆಪೋಲಿಯನ್ನನ ಮಾರ್ಷಲ್ ನೇ ಮತ್ತೆ ಮತ್ತೆ ನುಗ್ಗಿಸಿದ ಕುದುರೆಪಡೆಯ ಎದುರು ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ಕಾಲಾಳುಗಳು ಇಂಥ ಚೌಕಗಳಲ್ಲೇ ನಿಂತಿದ್ದರು. ಪ್ರಾಣ ಉಳಿಸುವ ವ್ಯೂಹವೇ ಸೇನಾಪತಿಯ ಆಯ್ಕೆಯನ್ನು ಕಿತ್ತುಕೊಳ್ಳುತ್ತದೆಂಬ ನಿಜವನ್ನು ಪುಟಗಟ್ಟಲೆ ವಿವರಿಸುವ ಬದಲು ಒಂದು ಎಲೆಯನ್ನು ಎಳೆದು ತೋರಿಸುವುದು ಜಾಣ ಕೆಲಸವೆಂದೇ ಹೇಳಬೇಕು.

ಇಲ್ಲಿ ಕೊಲೆ ಎಲ್ಲಿದೆ? ಪಡೆಯ ಕೊನೆಯ ಮರದ ತುಂಡನ್ನು ಹಾಸಿನಿಂದ ತೆಗೆದಾಗ ಯಾರೂ ಸಾಯುವುದಿಲ್ಲ, ಆಟ ಮುಗಿದ ಮೇಲೆ ಅದು ಉಳಿದವುಗಳ ಜೊತೆ ಚೀಲ ಸೇರುತ್ತದೆ. ಆದರೆ ಹಿಟ್ಟಿನ ಕೋಳಿಗೂ ಪ್ರಾಣವಿರಲಿಲ್ಲವಾದ್ದರಿಂದ ಈ ಉತ್ತರ ಸಾಲದು. ಯಶೋಧರನ ದೋಷವಿದ್ದದ್ದು ಆ ಹಿಟ್ಟು ಜೀವದ ಸ್ಥಾನದಲ್ಲಿ ನಿಂತದ್ದರಲ್ಲಿ. ಕೊಲೆಯಿಂದ ಬರಬೇಕಾದ ಫಲವನ್ನು, ಎಂದರೆ ದುಃಸ್ವಪ್ನದ ಶಾಂತಿಯನ್ನು, ಅವನು ಆ ಹಿಟ್ಟಿನಿಂದ ಪಡೆಯಬಯಸಿದ. ಸ್ನೇಹಿತರ ಮೇಜಿನ ಮೇಲೆ ಅಂಥ ಹೊರಗಿನ ಫಲದ ಆಸೆ ಇರುವುದಿಲ್ಲ. ‘ದಿ ಗ್ರಾಸ್‌ಹಾಪರ್’ ಎಂಬ 1978ರ ಕೃತಿಯಲ್ಲಿ ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ (ಅವರು ಪಾಠ ಹೇಳಿದ್ದು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಎಂಬುದು ಬರೀ ಕಾಕತಾಳೀಯ) ಅನಗತ್ಯವಾದ ಅಡ್ಡಿಗಳನ್ನು ಸ್ವಇಚ್ಛೆಯಿಂದ ಮೈಮೇಲೆ ಹಾಕಿಕೊಂಡು ದಾಟಲೆತ್ನಿಸುವುದೇ ಆಟವೆಂದು ವಿವರಿಸಿದರು. ಆ ಅಡ್ಡಿಗಳನ್ನು ಒಪ್ಪಿಕೊಳ್ಳುವ ಏಕೈಕ ಕಾರಣ ಅವಿಲ್ಲದೆ ಆ ಚಟುವಟಿಕೆಯೇ ಇಲ್ಲವಾಗುವುದು. ಈ ಮನೋಭಾವವಿರುವಲ್ಲಿ ಮರದ ಸೈನಿಕನು ಯಾವ ಸೈನಿಕನ ಬದಲಿಗೂ ಬಲಿಯಾಗುವುದಿಲ್ಲ.

ಆದರೆ ಇದೇ ಮರದ ತುಂಡು ಇನ್ನೊಬ್ಬರ ಕೈಯಲ್ಲಿ ಬೇರೆಯೇ ಆದದ್ದುಂಟು. ನೆಪೋಲಿಯನ್ನನ ಕೈಯಲ್ಲಿ ಸೋತ ಪ್ರಷ್ಯಾದಲ್ಲಿ ಗೇಓರ್ಗ್ ಲೇಓಪೋಲ್ಡ್ ಫಾನ್ ರೈಸ್‌ವಿಟ್ಸ್ ಎಂಬ ಅಧಿಕಾರಿ ಕ್ರೀಗ್ಸ್‌ಪೀಲ್, ಎಂದರೆ ಯುದ್ಧದಾಟವೊಂದನ್ನು ರೂಪಿಸಿ, 1812ರಲ್ಲಿ ಅದನ್ನು ದೊರೆ ಮೂರನೆಯ ಫ್ರೀಡ್ರಿಖ್ ವಿಲ್ಹೆಲ್ಮನಿಗೆ ಒಪ್ಪಿಸಿದನು. ಹೊಳೆ, ಬೆಟ್ಟ, ಊರುಗಳ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಿ ಬೇಕಾದ ಭೂಭಾಗವನ್ನು ಕಟ್ಟಿಕೊಳ್ಳಬಹುದಾದ ಮೇಜು ಅದು. ಸೇನಾಧಿಕಾರಿಯಾಗಿದ್ದ ಅವನ ಮಗನು 1824ರಲ್ಲಿ ಆ ಮೇಜಿಗೆ ಬದಲಾಗಿ 1:8000 ಅಳತೆಯ ನಕ್ಷೆಯನ್ನೂ, ಎರಡು ನಿಮಿಷಕ್ಕೆ ಒಂದು ನಡೆ ಎಂಬ ಕಾಲಮಾನವನ್ನೂ, ಗುಂಡಿಗೆ ಬಿದ್ದವರ ಲೆಕ್ಕವನ್ನು ದಾಳದಿಂದ ತೆಗೆಯುವ ಕೋಷ್ಟಕಗಳನ್ನೂ, ಎರಡೂ ಪಕ್ಷಗಳ ಆಜ್ಞೆಗಳನ್ನು ಓದಿ ತೀರ್ಪು ಕೊಡುವ ಅಂಪೈರನನ್ನೂ ತಂದನು. ಅದನ್ನು ನೋಡಿದ ಸೇನಾ ಮುಖ್ಯಸ್ಥ ಫಾನ್ ಮ್ಯೂಫ್ಲಿಂಗ್ ಇದು ಆಟವಲ್ಲ, ಯುದ್ಧದ ತರಬೇತಿ ಎಂಬರ್ಥದಲ್ಲಿ ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದನು. ಮುಂದೆ 1876ರಲ್ಲಿ ಯೂಲಿಯಸ್ ಫಾನ್ ವೆರ್ಡಿ ಕೋಷ್ಟಕಗಳನ್ನು ಬದಿಗಿಟ್ಟು ಎಲ್ಲವನ್ನೂ ಅಂಪೈರನ ಅನುಭವಕ್ಕೆ ಬಿಟ್ಟುಕೊಟ್ಟನು. ಬರ್ಲಿನ್ನಿನ ಅಧಿಕಾರಿಗೆ ಆ ಕಾಯಿಗಳಿಂದ ಬೇಕಾಗಿದ್ದ ಫಲ ಮೇಜಿನ ಹೊರಗಿತ್ತು, ಅದು ನಿಜವಾದ ಗೆಲುವಾಗಿತ್ತು, ಅದರ ಬೆಲೆ ನಿಜವಾದ ಸಾವಾಗಿತ್ತು. ಆದ್ದರಿಂದ ಜನ್ನನ ಅಳತೆಯಲ್ಲಿ ಅವನ ಮೇಜು ಯಶೋಧರನ ಬಲಿಪೀಠಕ್ಕೇ ಹತ್ತಿರ. ಒಂದೇ ಕಾಯಿ, ಒಂದೇ ದಾಳ, ಸಂಕಲ್ಪ ಮಾತ್ರ ಬೇರೆ ಎಂದಾದರೆ, ಬಿಡುವಿನ ದಿನ ಕೂಡಿ ಆಡುವ ಗೆಳೆಯರ ಸಂಕಲ್ಪವನ್ನು ಎಲ್ಲಿ ಹುಡುಕಬೇಕು? ಮನಸ್ಸಿನೊಳಗೆ ಇಣುಕಲಾಗದು; ಆದರೆ ಅವರು ಮಾಡಿಕೊಂಡ ನಿಯಮಗಳನ್ನು ಓದಬಹುದು.

ಇಂಥ ಆಟಗಳನ್ನು ಇದ್ದಂತೆಯೇ ಆಡಿ ತೃಪ್ತರಾಗುವ ಗೆಳೆಯರ ಗುಂಪು ಅಪರೂಪ. ಒಬ್ಬನು ಮಳೆಯ ನಿಯಮ ಸೇರಿಸುತ್ತಾನೆ, ಇನ್ನೊಬ್ಬನು ವಾಟರ್ಲೂ ಕದನಕ್ಕೆ ಬಂದು ಸೇರದೆ ಹೋದ ನೆಪೋಲಿಯನ್ನನ ಮಾರ್ಷಲ್ ಗ್ರೂಶಿಯ ಪಡೆ ಯಾವ ಹೊತ್ತಿಗೆ ಬಂದೀತೆಂಬುದನ್ನು ದಾಳಕ್ಕೆ ಬಿಡುತ್ತಾನೆ, ಮತ್ತೊಬ್ಬನು ಹೊಸ ಕದನಭೂಮಿಯನ್ನೇ ಬರೆದು ತರುತ್ತಾನೆ. ಹೀಗೆ ತಾವೇ ಮಾಡಿ ತಾವೇ ಬದಲಿಸಬಹುದಾದ ನಿಯಮವು ಮಾಡಿದವರನ್ನೇ ಹೇಗೆ ಕಟ್ಟಿಹಾಕೀತು ಎಂಬುದು ಮೊದಲು ಬಗೆಹರಿಯಬೇಕಾದ ತೊಡಕು. ಮೀಮಾಂಸಕರು ವೇದವಿಧಿಗೆ ಅಧಿಕಾರ ಬಂದದ್ದು ಅದು ಅಪೌರುಷೇಯ, ಎಂದರೆ ಯಾರೂ ರಚಿಸದೆ ಇರುವಂಥದು ಎಂಬುದರಿಂದ ಎಂದರು. ರಚಿಸಿದವನಿದ್ದರೆ ಅವನ ತಪ್ಪೂ ಪಕ್ಷಪಾತವೂ ಮಾತಿನೊಳಗೆ ಬಂದೇ ಬರುತ್ತವೆಂಬುದು ಅವರ ಭಯ. ಆಟದ ನಿಯಮ ಇದರ ನೇರ ವಿರುದ್ಧ: ರಚಿಸಿದವನು ಎದುರಿಗೇ ಕೂತಿದ್ದಾನೆ, ಅವನಿಗೆ ಗೆಲ್ಲುವ ಆಸೆಯೂ ಇದೆ. ಆದರೂ ಅದು ಕಟ್ಟುತ್ತದೆ, ಏಕೆಂದರೆ ಯಾರ ಪಾಲಿಗೆ ಲಾಭವಾದೀತೆಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಎಲ್ಲರೂ ಅದನ್ನು ಒಪ್ಪಿರುತ್ತಾರೆ. ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ ಇಲ್ಲವೇ ಎಂಬುದನ್ನು ಚೌಕಾಬಾರ ಆಡುವವರು ಕವಡೆ ಚೆಲ್ಲುವ ಮುಂಚೆಯೇ ಮಾತಾಡಿಕೊಳ್ಳುವುದು ಇದೇ ಕಾರಣಕ್ಕೆ; ನಡುವೆ ಮಾತು ತೆಗೆದರೆ ಅದು ಜಗಳ.

ಈ ಒಪ್ಪಿಗೆ ಮುರಿದಾಗ ಏನಾಗುತ್ತದೆಂಬುದಕ್ಕೆ ಮಹಾಭಾರತದ ದ್ಯೂತಸಭೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪಣ ದುರ್ಯೋಧನನದು, ದಾಳ ಶಕುನಿಯ ಕೈಯಲ್ಲಿ ಎಂದಾಗ ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ಸರಿಯೆನಿಸದೆಂದು ಧರ್ಮರಾಯ ಆಕ್ಷೇಪಿಸುತ್ತಾನೆ, ಆಕ್ಷೇಪಿಸಿಯೂ ಕೂರುತ್ತಾನೆ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಹಕ್ಕು ಉಳಿದಿತ್ತೇ ಎಂದು ದ್ರೌಪದಿ ಕೇಳಿದ್ದೂ ನಿಯಮದ ಪ್ರಶ್ನೆಯೇ. ಅದು ಆಟಕ್ಕೆ ಮೊದಲು ಬಗೆಹರಿದಿರಬೇಕಿತ್ತು, ಬಗೆಹರಿಯದೆ ಸಭೆಯ ನಡುವೆ ಎದ್ದಾಗ ಭೀಷ್ಮನಿಗೂ ಉತ್ತರ ಹೊಳೆಯಲಿಲ್ಲ. ಅಲ್ಲಿ ಆಟ ಆಟವಾಗಿ ಉಳಿದಿರಲಿಲ್ಲ, ಹೊರಗಿನ ಫಲ, ಅದೂ ರಾಜ್ಯ, ಅದರೊಳಗೆ ಹೊಕ್ಕಿತ್ತು. ಗೆಳೆಯರ ಮೇಜಿನಲ್ಲಿ ಹೊಸ ನಿಯಮವನ್ನು ಆಟದ ನಡುವೆ ತರಬಾರದೆಂಬ ಸಾಮಾನ್ಯ ರೂಢಿಯನ್ನು ಬರಿಯ ಶಿಷ್ಟಾಚಾರವೆಂದು ತಿಳಿಯುವವರು ಈ ಪ್ರಸಂಗವನ್ನು ಇನ್ನೊಮ್ಮೆ ಓದಬೇಕು.

ಎರಡನೆಯ ತೊಡಕು ಇನ್ನೂ ಆಳದ್ದು. ನಿಯಮವನ್ನು ಮುಟ್ಟದೆ ಆಡುವವನಿಗೆ ‘ಪುಸ್ತಕದಲ್ಲಿ ಹಾಗಿದೆ’ ಎಂಬ ನೆಪ ಉಂಟು. ಒಂದು ನಿಯಮವನ್ನು ಬದಲಿಸಿದವನಿಗೆ ಆ ನೆಪ ಇಲ್ಲ, ಬದಲಿಸದೆ ಬಿಟ್ಟ ನಿಯಮಗಳಿಗೂ ಅವನೇ ಹೊಣೆ. ಮೇಲೆ ಹೇಳಿದ ಆಟದಲ್ಲಿ ಫ್ರೆಂಚ್ ಕಾಲಾಳು ಮೈಮೇಲೆ ಬಿದ್ದು ಹೋರಾಡುವಾಗ ಒಂದು ದಾಳ ಹೆಚ್ಚು ಪಡೆದರೆ, ಬ್ರಿಟಿಷ್ ಕಾಲಾಳು ಅಲುಗಾಡದೆ ನಿಂತು ಗುಂಡು ಹಾರಿಸುವಾಗ ಒಂದು ದಾಳ ಹೆಚ್ಚು ಪಡೆಯುತ್ತಾನೆ. ಇದು ಕವಾಯತಿನ ವ್ಯತ್ಯಾಸವೇ, ಜನಾಂಗದ ಸ್ವಭಾವವೇ? ಕವಾಯತೆಂದರೆ ಆಕ್ಷೇಪವಿಲ್ಲ, ಸ್ವಭಾವವೆಂದರೆ ದಾಳದೊಳಗೆ ಒಂದು ಪೂರ್ವಗ್ರಹ ಅಡಗಿದೆ. ಇನ್ನೊಂದು ಉದಾಹರಣೆ ಟಾಲ್‌ಸ್ಟಾಯ್ ಕಡೆಯಿಂದ ಬರುತ್ತದೆ. 1812ರ ಬೊರೊಡಿನೊ ಕದನವನ್ನು ಚಿತ್ರಿಸುವಾಗ ‘ಯುದ್ಧ ಮತ್ತು ಶಾಂತಿ’ಯಲ್ಲಿ ಅವನು ಸೇನಾಪತಿಯ ಆಜ್ಞೆಗಳು ತಲುಪುವುದೇ ಇಲ್ಲ, ತಲುಪಿದರೂ ನಡೆಯುವುದಿಲ್ಲ, ನೆಪೋಲಿಯನ್ ಕದನವನ್ನು ನಡೆಸುತ್ತಿದ್ದಾನೆಂಬುದೇ ಭ್ರಮೆ ಎಂದು ವಾದಿಸುತ್ತಾನೆ. ಇಡೀ ಹಾಸು ಕಣ್ಣೆದುರಿಗಿದ್ದು ಪ್ರತಿ ಕಾಯಿಯೂ ಬೆರಳಿನ ಮಾತು ಕೇಳುವ ಮೇಜು ಈ ಭ್ರಮೆಯನ್ನೇ ಮಾರುತ್ತದೆ. ಅದನ್ನು ಮುರಿಯಲೆಂದೇ ಕೆಲವರು ಕಾಯಿಯ ಮುಖ ಎದುರಾಳಿಗೆ ಕಾಣದಂತೆ ಮರದ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ ಆಡುತ್ತಾರೆ. ಇನ್ನು ಕೆಲವರು ಒಂದೊಂದು ದಳಕ್ಕೆ ಒಬ್ಬೊಬ್ಬ ಗೆಳೆಯನನ್ನು ನೇಮಿಸಿ, ಮಾತಾಡಗೊಡದೆ ಚೀಟಿ ಬರೆಸಿ, ಆ ಚೀಟಿಯನ್ನು ಒಂದೆರಡು ಸರದಿ ತಡೆದು ತಲುಪಿಸುತ್ತಾರೆ. ಆಟ ನಿಧಾನವಾಗುತ್ತದೆ, ಹೌದು. ಆದರೆ ಅಹಂಕಾರವೂ ಅಷ್ಟೇ ಇಳಿಯುತ್ತದೆ.

ಎಷ್ಟು ತಿದ್ದಿದರೂ ಹಾಸಿನ ಮೇಲೆ ಬಾರದ ಸಂಗತಿಗಳುಂಟು. ವಾಟರ್ಲೂವಿನ ಒಂದೇ ದಿನದಲ್ಲಿ ಎರಡೂ ಪಕ್ಷಗಳ ಸತ್ತವರೂ ಗಾಯಗೊಂಡವರೂ ಸೇರಿ 40,000ಕ್ಕೂ ಹೆಚ್ಚು. ಸತ್ತವರ ಬಾಯಿಂದ ಕಿತ್ತ ಹಲ್ಲುಗಳು ಕಟ್ಟುಹಲ್ಲಿನ ವ್ಯಾಪಾರಕ್ಕೆ ಹೋದವು. ಅಂಥ ಹಲ್ಲಿಗೆ ವಾಟರ್ಲೂ ಹಲ್ಲೆಂದೇ ಹೆಸರು ನಿಂತಿತು. ಇದಕ್ಕೊಂದು ಕಾಯಿ ಬೇಕೆಂದು ಯಾರೂ ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. ಎಲ್ಲವನ್ನೂ ತೋರಿಸಲು ಹೊರಟ ಆಟ ಆಟವಾಗಿ ಉಳಿಯದು. ಆದರೆ ಬಿಟ್ಟದ್ದನ್ನು ಬಿಟ್ಟಿದ್ದೇವೆಂದು ತಿಳಿದು ಬಿಡುವುದಕ್ಕೂ ಅದು ಇರಲೇ ಇಲ್ಲವೆಂಬಂತೆ ಆಡುವುದಕ್ಕೂ ಅಂತರವಿದೆ, ಮತ್ತು ಬುದ್ಧನು ಹೇಳಿದ ಪ್ರಮಾದವು ಈ ಎರಡನೆಯದರಲ್ಲಿ ಇದೆ.

ದೂರದ ಬೆಲ್ಜಿಯಂನ ಹೊಲದ ವಿಷಯದಲ್ಲಿ ಈ ಅಂತರ ಕನ್ನಡ ಓದುಗನಿಗೆ ಚುಚ್ಚದಿದ್ದರೆ, ಅದೇ ಕಾಲದ ಇನ್ನೊಂದು ಕದನ ಹತ್ತಿರದಲ್ಲೇ ಇದೆ. ವಾಟರ್ಲೂ ಗೆದ್ದ ವೆಲಿಂಗ್ಟನ್ 1799ರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದನು. ಆ ವರ್ಷದ ಆರಂಭದಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ತಲುಪುವ ಮೊದಲೇ ಇಂಗ್ಲಿಷರ ಕೈಸೇರಿತ್ತು. ನೆಪೋಲಿಯನ್ ಕಾಲದ ಆಟಕ್ಕೆ ಈ ಮುತ್ತಿಗೆಯ ಹಾಸೊಂದನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ: ಕಾವೇರಿಯ ಎರಡು ಕವಲು, ಒಡೆದ ಕೋಟೆಗೋಡೆ, ನೀರು ದಾಟುವ ಪಡೆಗಳು, ಎಲ್ಲವೂ ಆಟಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಮೇ 4ರಂದು ಗೋಡೆಯ ಬಿರುಕು ದಾಟಿದ ಗಳಿಗೆಗೆ ಗೆಲುವಿನ ಅಂಕ ಕೊಟ್ಟು ಆಟ ನಿಲ್ಲಿಸಿದರೆ, ಆ ರಾತ್ರಿ ಊರು ಸೂರೆಯಾದದ್ದೂ, ಮರುದಿನ ಅಧಿಕಾರ ವಹಿಸಿಕೊಂಡ ವೆಲ್ಲೆಸ್ಲಿ ಸುಲಿಗೆ ನಿಲ್ಲಿಸಲು ಸುಲಿಗೆಕೋರರನ್ನು ಗಲ್ಲಿಗೇರಿಸಬೇಕಾಗಿ ಬಂದದ್ದೂ ಲೆಕ್ಕದ ಹೊರಗೆ ಉಳಿಯುತ್ತವೆ. ಅಂಥ ಹಾಸನ್ನು ಬರೆಯುವ ಗೆಳೆಯರು ಊರೊಳಗಿನ ಜನರಿಗೂ ಕೆಲವು ಮನೆಗಳನ್ನು ಮೀಸಲಿಟ್ಟು, ಅವು ಸೂರೆಯಾದಷ್ಟೂ ಗೆದ್ದವನ ಅಂಕ ಕಳೆಯುವ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.