ಕೀಲಿಲ್ಲದ ಬೀಸುವ ಕಲ್ಲು

ಆಧಾರ: ಧರ್ಮೋಪದೇಶಕಾಂಡ 24:6



ಸಾಲಕ್ಕಾಗಿ ಒಬ್ಬನ ಬೀಸುವ ಕಲ್ಲನ್ನಾಗಲಿ, ಅದರ ಮೇಲಣ ಕಲ್ಲೊಂದನ್ನೇ ಆಗಲಿ ಒತ್ತೆಯಿಡಿಸಿಕೊಳ್ಳಬಾರದೆಂದು ದೇವರು ಮೋಶೆಯ ಮುಖಾಂತರ ಇಸ್ರಾಯೇಲ್ಯರಿಗೆ ವಿಧಿಸಿದನು. ಹಾಗೆ ಮಾಡುವವನು ಆ ಮನುಷ್ಯನ ಜೀವವನ್ನೇ ಕಸಿದುಕೊಂಡಂತಾಗುವದಲ್ಲವೇ? ಮೇಲ್ಕಲ್ಲು ಹೋದರೆ ಕೆಳಗಲ್ಲು ಬರೀ ಬಂಡೆ, ಸಂಜೆಗೆ ರೊಟ್ಟಿಯಿಲ್ಲ.

ಗಲಿಲಾಯ ಸೀಮೆಯಲ್ಲಿಯೂ ನಮ್ಮ ಅಥಣಿಯ ಕಡೆಯಂಥ ಕರಿಕಲ್ಲೇ ಉಂಟು. ಅಲ್ಲಿಯ ಸ್ತ್ರೀಯರು ಅದರಲ್ಲಿ ಗೋದಿಯನ್ನೂ ಜವೆಗೋದಿಯನ್ನೂ ಬೀಸಿದರು. ನಮ್ಮ ತಾಯಂದಿರು ಕೋಳಿ ಕೂಗುವ ಮುಂಚೆ ಎದ್ದು ಬಿಳಿಜೋಳವನ್ನು ಬೀಸಿದರು. ಈಗ ಗಿರಣಿಗಳು ಬಂದಿರುವದರಿಂದ ಕಲ್ಲು ಮೂಲೆ ಸೇರಿದೆ. ಗೂಟ ಮುರಿದಿದೆ, ಕೀಲು ಎಲ್ಲಿ ಬಿದ್ದಿತೋ ಯಾರೂ ಅರಿಯರು.

ಅಂಥ ಕಲ್ಲನ್ನು ಸರಿಮಾಡಬೇಕೆಂದರೆ ಜಾಣ ಬಡಿಗನು ಮೊದಲು ಕಟ್ಟಿಗೆಯನ್ನು ನೋಡುವದಿಲ್ಲ, ತೂತನ್ನು ನೋಡುತ್ತಾನೆ. ಇಲ್ಲದ ಗೂಟದ ಅಳತೆ ಉಳಿದ ಕಲ್ಲಿನಲ್ಲಿಯೇ ಇರುವದು. ಆ ಮೇಲೆ ಜಾಲಿಯ ತುಂಡನ್ನು ತಕ್ಕಂತೆ ಕೆತ್ತಿ ಕೂಡಿಸುತ್ತಾನೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಫಿಬೀಜವನ್ನು ಪುಡಿಮಾಡುವ ಕೈಯಂತ್ರವೂ ಇದೇ ತರದ್ದು. ಕಲ್ಲುಗಳಿಗೆ ಬದಲಾಗಿ ಅದರಲ್ಲಿ ಹಲ್ಲುಳ್ಳ ಕಬ್ಬಿಣದ ಗಟ್ಟಿಯೊಂದು ಹಲ್ಲುಳ್ಳ ಬಳೆಯೊಳಗೆ ತಿರುಗುವದು. ನಡುವಣ ಸಂದನ್ನು ಹೆಚ್ಚು ಕಡಿಮೆ ಮಾಡುವದಕ್ಕೆ ಚಿಕ್ಕ ತಿರುಪು ಉಂಟು. ಅದು ಕಳೆದರೂ ಹಿಡಿಕೆ ತಿರುಗುತ್ತದೆ, ಸಪ್ಪಳವೂ ಆಗುತ್ತದೆ. ಆದರೆ ಬೀಜ ಒಡೆದು ಬೀಳುವದೇ ಹೊರತು ಪುಡಿಯಾಗುವದಿಲ್ಲ. ಆತುರಗಾರನು ಬೇರೊಂದು ತಿರುಪನ್ನು ಬಲವಂತದಿಂದ ತುರುಕಿದರೆ ಉಳಿದಿದ್ದ ಮರೆಯೂ ಕೆಟ್ಟುಹೋಗುವದು.

ಪ್ರಿಯರೇ, ನಮ್ಮ ಸಭೆಯನ್ನು ನೋಡಿರಿ. ಒಂದು ಕುಟುಂಬ ಬಾರದೆ ಹೋಯಿತು. ಅವರಿಲ್ಲದಿದ್ದರೆ ಆರಾಧನೆ ನಿಲ್ಲುವದೋ ಅನ್ನುತ್ತೇವೆ. ನಿಲ್ಲುವದಿಲ್ಲ, ನಿಜ, ಹಿಡಿಕೆ ತಿರುಗುತ್ತಲೇ ಇರುತ್ತದೆ. ಅವರ ಸ್ಥಳದಲ್ಲಿ ಬೇರೊಬ್ಬರನ್ನು ಕೂಡಿಸುತ್ತೇವೆ. ಆದರೆ ಆ ಸ್ಥಳವು ಅವರ ಅಳತೆಯದು.

ಆ ಭಾಗವು ನಿಜವಾಗಿ ಕಳೆದಿದೆಯೋ, ಇಲ್ಲವೆ ನಮ್ಮಲ್ಲಿ ಒಬ್ಬನ ಮನೆಯಲ್ಲಿ ಒತ್ತೆಯಾಗಿ ಬಿದ್ದಿದೆಯೋ? ಮದುವೆಗೆಂದು, ಬಿತ್ತನೆಗೆಂದು ಕೊಟ್ಟ ಸಾಲವನ್ನು ಸಭೆಯ ಬಾಗಿಲಲ್ಲಿಯೇ ಕೇಳಿದೆವು. ಸಾಲಗಾರನು ನಾಚಿಕೆಯಿಂದ ಕರ್ತನ ಮೇಜಿನಿಂದ ದೂರವಾದನು. ಶಕ್ತಿಯಿದ್ದೂ ಸಾಲ ತೀರಿಸದವನನ್ನು ನಾನು ಹೊಗಳುವದಿಲ್ಲ. ನ್ಯಾಯಪ್ರಮಾಣವೂ ಒತ್ತೆಯನ್ನು ಪೂರ್ತಿ ನಿಷೇಧಿಸಲಿಲ್ಲ. ಆದರೆ ಬಿತ್ತನೆಯ ದಿವಸದ ಎತ್ತು, ಊರಲ್ಲಿರುವ ಹೆಸರು, ಸಭೆಯಲ್ಲಿರುವ ಸ್ಥಳ, ಇವು ಮೇಲ್ಕಲ್ಲುಗಳು. ಇವುಗಳನ್ನು ಹಿಡಿದಿಟ್ಟವನು ಮೊದಲು ಹಿಂದಕ್ಕೆ ಕೊಡಲಿ. ಲೆಕ್ಕವನ್ನು ಆ ಮೇಲೆ ನೋಡೋಣ.

ಅವರು ತಿರಿಗಿ ಬಂದಾಗ ಎಲ್ಲವೂ ಒಮ್ಮೆಲೇ ನುಣ್ಣಗಾಗುವದಿಲ್ಲ. ಉಳಿಯಿಂದ ಹೊಸದಾಗಿ ಕುಟ್ಟಿಸಿದ ಕಲ್ಲಿನ ಮೊದಲನೆಯ ಹಿಟ್ಟಿನಲ್ಲಿ ಹರಳು ಬರುವದೆಂದು ನಮ್ಮ ಅಜ್ಜಿಯಂದಿರು ಬಲ್ಲರು. ಅವರು ಒಂದೆರಡು ಹಿಡಿ ಬೀಸಿ ಹೊರಗೆ ಚೆಲ್ಲಿದರು; ಕಲ್ಲನ್ನು ಚೆಲ್ಲಲಿಲ್ಲ.

ಸಾಲ ಕೊಟ್ಟವನು ಸಾಲಗಾರನ ಮನೆಯೊಳಕ್ಕೆ ನುಗ್ಗದೆ ಹೊರಗೆ ನಿಂತುಕೊಳ್ಳಬೇಕೆಂದು ಅದೇ ಅಧ್ಯಾಯದ 10, 11ನೆಯ ವಚನಗಳು ಬೋಧಿಸುತ್ತವೆ. ಆದದರಿಂದ ಬರುವ ಕರ್ತನ ಭೋಜನಕ್ಕೆ ಮುಂಚೆ ಒಂದು ಸಂಜೆ ಹೋಗಿರಿ. ಸಾಕ್ಷಿಗಳಿಲ್ಲದೆ, ಲೆಕ್ಕದ ಪುಸ್ತಕವಿಲ್ಲದೆ ಹೋಗಿರಿ. ಹೊಸ್ತಿಲಾಚೆ ನಿಂತು ಅವರನ್ನು ಹೆಸರು ಹಿಡಿದು ಕರೆಯಿರಿ.